ಮಗಳೇ, ಹಳಬರ ಫೈಲು ಮೊದಲು ತೆಗೆ

ಪ್ರೀತಿಯ ಮಗಳೇ,

ಕಾಸರಗೋಡಿನ ಅನಂತಪುರದ ಕಾರ್ಖಾನೆಯಲ್ಲಿ ನೌಕರರ ವಿಭಾಗ ನಿನ್ನ ಕೈಗೆ ಬಂತಲ್ಲ, ಸಂತೋಷ. ಆದರೆ ಇಪ್ಪತ್ತು ವರ್ಷ ಒಂದೇ ಕಡೆ ಇದ್ದವರೆಲ್ಲ ನಿಷ್ಠಾವಂತರೆಂದು ತಿಳಿಯಬೇಡ. ನೌಕರರ ನಿಷ್ಠೆಯನ್ನು ಅಧ್ಯಯನ ಮಾಡಿದ ಮೇಯರ್ ಮತ್ತು ಅಲೆನ್ 1991ರಲ್ಲೇ ಇದನ್ನು ಬಿಡಿಸಿ ಹೇಳಿದ್ದಾರೆ: ಕೆಲವರು ಮನಸ್ಸಿದ್ದು ಉಳಿಯುತ್ತಾರೆ, ಕೆಲವರು ಬಿಟ್ಟರೆ ನಷ್ಟವೆಂದು, ಕೆಲವರು ಬಿಡುವುದು ಸರಿಯಲ್ಲವೆಂದು. ಹಾಜರಿ ಪುಸ್ತಕದಲ್ಲಿ ಮೂವರೂ ಒಂದೇ. ಬೇರಿಂಗಿನ ಸದ್ದು ಬದಲಾಗಿದೆ ಎಂದು ಯಂತ್ರ ನಿಲ್ಲುವ ಮೊದಲೇ ಬಂದು ಹೇಳುವವರು ಯಾರು, ಹೊಸಬರಿಗೆ ಕಲಿಸುವವರು ಯಾರು ನೋಡು.

ಇಪ್ಪತ್ತೈದರವನಿಗೆ ಬಡ್ತಿ, ಹೊಸ ಕಲಿಕೆ ಬೇಕು. ಐವತ್ತೈದರವರಿಗೆ ಮೊಣಕಾಲು ತಾಳುವ ಪಾಳಿ ಬೇಕು, ಅವರನ್ನೂ ಒಂದು ಮಾತು ಕೇಳಬೇಕು. 'ಇನ್ನೇನು ನಿವೃತ್ತಿ' ಎಂದು ತರಬೇತಿಯಿಂದ ಬಿಟ್ಟೆಯೋ, ಅವರು ಹೇಳಿದಷ್ಟೇ ಮಾಡಿ ಕೂರುತ್ತಾರೆ. ಸಂಶೋಧಕ ಮಥೈಸ್ ಬಾಲ್ ಮತ್ತು ಜೊತೆಗಾರರು 2008ರಲ್ಲಿ ಹಳೆಯ ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದರು. ಸಂಸ್ಥೆ ಕೊಟ್ಟ ಮಾತಿಗೆ ತಪ್ಪಿದರೆ ಕಿರಿಯರಲ್ಲಿ ಸಂಸ್ಥೆಯ ಮೇಲಿನ ನಂಬಿಕೆ, ನಿಷ್ಠೆ ಹೆಚ್ಚು ಕುಸಿಯುತ್ತದೆ. ಹಿರಿಯರಲ್ಲಿ ಹೆಚ್ಚು ಕೆಡುವುದು ಕೆಲಸದ ತೃಪ್ತಿ. ಹಾಗಾಗಿ ರಾಜೀನಾಮೆ ಬಂದಿಲ್ಲವೆಂದು ನೆಮ್ಮದಿಯಿಂದಿರಬೇಡ ಮಾರಾಯ್ತಿ. ಹಿಂದಿನ ಮ್ಯಾನೇಜರು ಬಾಯಲ್ಲಿ ಕೊಟ್ಟ ಭರವಸೆಗಳನ್ನು ಕೇಳಿ ಬರೆದುಕೋ, ಆಗದ್ದನ್ನು ಆಗದೆಂದು ಈಗಲೇ ಹೇಳಿಬಿಡು.

ಮತ್ತೆ ದುಡ್ಡಿನ ವಿಷಯ. ನಂಬಿಕೆ ಉಳಿಯುವುದೂ ಮುರಿಯುವುದೂ ಹೆಚ್ಚಾಗಿ ಇಲ್ಲೇ. 55 ತುಂಬಿದವರ ಪಿಎಫ್ ದಾಖಲೆ ತೆಗೆದು ಹೆಸರು, ಹುಟ್ಟಿದ ತಾರೀಕು ಆಧಾರ್‌ಗೆ ಹೊಂದುತ್ತದೆಯೇ ನೋಡು. ಶಾಲೆಗೆ ಸೇರಿಸುವಾಗ ಅಂದಾಜಿಗೆ ಬರೆಸಿದ ತಾರೀಕು ಎಷ್ಟೋ ಜನರದ್ದು. ವ್ಯತ್ಯಾಸವಿದ್ದರೆ ಪಿಎಫ್ ಹಣದ ಅರ್ಜಿ ಅಲ್ಲೇ ನಿಲ್ಲುತ್ತದೆ. 58ಕ್ಕೆ ತಿಂಗಳ ಪಿಂಚಣಿ ಬರಲು ಹತ್ತು ವರ್ಷದ ಸೇವೆ ಬೇಕು. ಹಿಂದಿನ ಕಂಪನಿಯ ಖಾತೆ ವರ್ಗವಾಗದಿದ್ದರೆ ಆ ವರ್ಷಗಳು ಲೆಕ್ಕಕ್ಕೆ ಸಿಗದೆ ಹೋಗಬಹುದು. ಗ್ರಾಚ್ಯುಟಿಗೆ, ಅಂದರೆ ಕೆಲಸ ಬಿಡುವಾಗ ಸೇವೆಗೆ ಸಿಗುವ ಇಡಿಗಂಟಿಗೆ, ಕಾನೂನು ಲೆಕ್ಕಕ್ಕೆ ಹಿಡಿಯುವ ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸು, 15ರಿಂದ ಗುಣಿಸು, ಮತ್ತೆ ಸೇವೆಯ ವರ್ಷಗಳಿಂದ ಗುಣಿಸು. 20,800 ರೂಪಾಯಿ, 24 ವರ್ಷವೆಂದರೆ 2,88,000. ಕೊನೆಗೆ ಆರು ತಿಂಗಳು ಮೀರಿದ್ದರೆ ಅದೂ ಒಂದು ವರ್ಷವೇ. ಈ ಲೆಕ್ಕವನ್ನು ಚೀಟಿಯಲ್ಲಿ ಬರೆದು ಅವರ ಕೈಗೇ ಕೊಡು.

ನೋಟಿಸು ಮಲಯಾಳದಲ್ಲಿ ಮಾತ್ರ ಹಚ್ಚಬೇಡ. ಪೈವಳಿಕೆ, ಎಣ್ಮಕಜೆ ಕಡೆಯಿಂದ ಬರುವ, ಕನ್ನಡ ಶಾಲೆಯಲ್ಲಿ ಓದಿದ ಹಿರಿಯರು ಅದನ್ನು ಇನ್ನೊಬ್ಬರಲ್ಲಿ ಓದಿಸಿ ಅರ್ಧಂಬರ್ಧ ತಿಳಿದುಕೊಳ್ಳುತ್ತಾರೆ. ನಾಮಿನಿ ಯಾರೆಂದು ಬರೆಸುವಾಗಲಂತೂ ತುಳುವಿನಲ್ಲಾದರೂ ಸರಿ, ಬಾಯಲ್ಲೇ ವಿವರಿಸಿ ಆಮೇಲೆ ಸಹಿ ಹಾಕಿಸು.

ನಿನ್ನ ಅಪ್ಪ