ಕವಿತೆ ಕಳಿಸುವವರಿಗೂ ಪತ್ರಿಕೆಗಳಿಗೂ

ಮಾನ್ಯ ಸಂಪಾದಕರೇ,

ಕವಿತೆ ಹೇಗಿರಬೇಕೆಂದು ಹೊಸಬರಿಗೆ ಹೇಳುವವರು ಬಹಳ ಮಂದಿ. ಬರೆದದ್ದನ್ನು ಎಲ್ಲಿಗೆ, ಹೇಗೆ ಕಳಿಸಬೇಕೆಂದು ಹೇಳುವವರು ತೀರಾ ಕಡಿಮೆ. ಹೀಗಾಗಿ ಒಳ್ಳೆಯ ಕವಿತೆಗಳೂ ತಪ್ಪು ಜಾಗಕ್ಕೆ ಹೋಗಿ ಹಿಂದಿರುಗುತ್ತವೆ.

ಪತ್ರಿಕೆಗಳನ್ನು ಹುಡುಕಲು ಒಳ್ಳೆಯ ದಾರಿ ಕವನ ಸಂಕಲನಗಳಲ್ಲೇ ಇದೆ. ಈಚಿನ ಮೂರ್ನಾಲ್ಕು ವರ್ಷಗಳಲ್ಲಿ ಬಂದ, ನಿಮ್ಮ ಬರವಣಿಗೆಗೆ ಹತ್ತಿರವೆನಿಸುವ ಐದಾರು ಸಂಕಲನ ತೆಗೆದುಕೊಂಡು, ಕವಿತೆಗಳನ್ನು ಮೊದಲು ಅಚ್ಚು ಹಾಕಿದ ಪತ್ರಿಕೆಗಳಿಗೆ ಕವಿ ಕೃತಜ್ಞತೆ ಹೇಳಿರುವ ಪುಟ ನೋಡಿ. ಎರಡು ಮೂರು ಕಡೆ ಮತ್ತೆ ಮತ್ತೆ ಬರುವ ಹೆಸರುಗಳನ್ನು ಬರೆದಿಟ್ಟುಕೊಳ್ಳಿ. ಆಮೇಲೆ ಆ ಪತ್ರಿಕೆ ಇನ್ನೂ ಬರುತ್ತಿದೆಯೇ ಎಂದು ವಿಚಾರಿಸಿ. ಸಣ್ಣ ಪತ್ರಿಕೆಗಳು ಸದ್ದಿಲ್ಲದೆ ನಿಂತುಹೋಗುತ್ತವೆ. ಕನಿಷ್ಠ ಎರಡು ಸಂಚಿಕೆಗಳನ್ನಾದರೂ ಓದಬೇಕು. ಮೂವತ್ತು ಸಾಲು ದಾಟದ ಕವಿತೆಗಳನ್ನೇ ಹಾಕುವ ಪತ್ರಿಕೆಗೆ ನೀಳ್ಗವಿತೆ ಕಳಿಸಿ ಫಲವಿಲ್ಲ.

ಇಂಗ್ಲಿಷಿನಲ್ಲಿ ಬರೆಯುವವರಿಗೆ, ಇಂಗ್ಲಿಷಿಗೆ ಅನುವಾದಿಸುವವರಿಗೆ ಪತ್ರಿಕೆಗಳ ಸಿದ್ಧ ಪಟ್ಟಿಗಳು ಜಾಲತಾಣಗಳಲ್ಲಿವೆ. ‘ಡುಯೊಟ್ರೋಪ್’ 2013ರಿಂದ ಚಂದಾದಾರರಿಗಷ್ಟೇ; ಅದೇ ವರ್ಷ ಶುರುವಾದ ‘ಸಬ್‌ಮಿಷನ್ ಗ್ರೈಂಡರ್’ ಉಚಿತ. ಯಾವ ಪತ್ರಿಕೆ ಎಷ್ಟು ದಿನದಲ್ಲಿ ಉತ್ತರಿಸುತ್ತದೆ ಎಂಬುದು ಎರಡರಲ್ಲೂ ತಿಳಿಯುತ್ತದೆ. ‘ಪೊಯೆಟ್ಸ್ ಆಂಡ್ ರೈಟರ್ಸ್’ ಸಂಸ್ಥೆಯ ಪಟ್ಟಿಯೂ ಉಚಿತ. ಅನುವಾದವಾದರೆ ಮೂಲ ಕವಿಯ ಅಥವಾ ಹಕ್ಕುದಾರರ ಲಿಖಿತ ಒಪ್ಪಿಗೆ ಮೊದಲೇ ಕೈಯಲ್ಲಿರಲಿ. ಹಲವು ಪತ್ರಿಕೆಗಳು ವರ್ಷಕ್ಕೆ ಒಂದೆರಡು ತಿಂಗಳಷ್ಟೇ ಕವಿತೆ ಸ್ವೀಕರಿಸುತ್ತವೆ. ನಿಗದಿತ ಸಂಖ್ಯೆ ತುಂಬಿದರೆ ಕೊನೆಯ ದಿನಕ್ಕೂ ಮುಂಚೆ ಮುಚ್ಚುವವೂ ಇವೆ. ಆದ್ದರಿಂದ ಮೊದಲ ವಾರವೇ ಕಳಿಸುವುದು ಮೇಲು.

ಸಾಮಾನ್ಯವಾಗಿ ಕೇಳುವುದು ಮೂರರಿಂದ ಐದು ಕವಿತೆ. ಎಲ್ಲ ಒಂದೇ ಕಡತದಲ್ಲಿ, ಪ್ರತಿ ಕವಿತೆ ಹೊಸ ಪುಟದಲ್ಲಿ. ಕನ್ನಡದ ಹಳೆಯ ಫಾಂಟುಗಳಲ್ಲಿ ಟೈಪಿಸಿದ್ದು ಆ ಫಾಂಟ್ ಇಲ್ಲದ ಗಣಕದಲ್ಲಿ ಅರ್ಥವಿಲ್ಲದ ಅಕ್ಷರರಾಶಿಯಾಗಿ ತೆರೆದುಕೊಳ್ಳುತ್ತದೆ, ಎಲ್ಲ ಗಣಕಗಳೂ ಓದಬಲ್ಲ ಯೂನಿಕೋಡ್ ಅಕ್ಷರಗಳಲ್ಲೇ ಇರಲಿ. ಜೊತೆಗೊಂದು ಪಿಡಿಎಫ್ ಪ್ರತಿ ಇಟ್ಟರೆ ಸಾಲು ಎಲ್ಲಿ ಮುರಿಯಬೇಕೆಂಬ ಗೊಂದಲ ಉಳಿಯುವುದಿಲ್ಲ. ಹೆಸರಿಲ್ಲದ ಪ್ರತಿ ಕೇಳಿದ್ದರೆ ಕಡತದ ಹೆಸರಿನಿಂದಲೂ ನಿಮ್ಮ ಹೆಸರು ತೆಗೆಯಿರಿ. ಕವಿತೆಗಳ ಜೊತೆಗಿಡುವ ಪತ್ರ ನಾಲ್ಕೈದು ಸಾಲು ಸಾಕು, ಕವಿತೆಯ ಅರ್ಥ ವಿವರಿಸುವುದು ಬೇಡವೇ ಬೇಡ.

ಬಹಳ ಮಂದಿ ಎಡವುವುದು ಫೇಸ್‌ಬುಕ್ಕಿನಲ್ಲಿ. ಗೋಡೆಯ ಮೇಲೋ ಬ್ಲಾಗಿನಲ್ಲೋ ಹಾಕಿದ ಕವಿತೆಯನ್ನು ಎಷ್ಟೋ ಪತ್ರಿಕೆಗಳು ಪ್ರಕಟವಾದದ್ದೆಂದೇ ಎಣಿಸುತ್ತವೆ. ಆಮೇಲೆ ಅಳಿಸಿದರೂ ಕೆಲವರು ಒಪ್ಪುವುದಿಲ್ಲ. ಕಳಿಸಬೇಕೆಂದಿರುವ ಕವಿತೆಗಳನ್ನು ಹಂಚಿಕೊಳ್ಳದೆ ಇಟ್ಟುಕೊಳ್ಳಿ, ಮೆಚ್ಚುಗೆಯ ಆಸೆ ಎಷ್ಟೇ ಇರಲಿ.

ಒಂದೇ ಕವಿತೆಯನ್ನು ಎರಡು ಕಡೆ ಕಳಿಸಬಹುದೇ ಎಂಬುದಕ್ಕೆ ಪತ್ರಿಕೆಯ ನಿಯಮವೇ ಉತ್ತರ. ಅವಕಾಶವಿದ್ದು, ಒಂದು ಕಡೆ ಸ್ವೀಕೃತವಾದರೆ ಅದೇ ದಿನ ಉಳಿದವರಿಗೆ ತಿಳಿಸಬೇಕು. ಹಾಗೆ ತಿಳಿಸದವರ ಹೆಸರನ್ನು ಸಂಪಾದಕರು ಮರೆಯುವುದಿಲ್ಲ. ಕವಿತೆ, ಪತ್ರಿಕೆ, ಕಳಿಸಿದ ದಿನ, ಉತ್ತರ ಎಂದು ನಾಲ್ಕು ಕಲಂಗಳ ಒಂದು ಪುಸ್ತಕ ಇಟ್ಟರೆ ಗೊಂದಲವಾಗದು. ನಿಯಮದಲ್ಲಿ ಅವಧಿ ಹೇಳಿರದಿದ್ದರೆ ಮೂರು ತಿಂಗಳ ನಂತರ ಒಂದು ಸಾಲಿನಲ್ಲಿ ವಿಚಾರಿಸಬಹುದು.

ಸಣ್ಣ ಪ್ರಕಾಶನಗಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಕಿರು ಸಂಕಲನಕ್ಕೆ ಸಾಮಾನ್ಯವಾಗಿ 20ರಿಂದ 40 ಪುಟ, ಪೂರ್ಣ ಸಂಕಲನಕ್ಕೆ 48ಕ್ಕಿಂತ ಹೆಚ್ಚು ಕೇಳುತ್ತಾರೆ. ಹಸ್ತಪ್ರತಿ ಓದುವ ಮೊದಲೇ ‘ಆಯ್ಕೆಯಾಗಿದೆ’ ಎನ್ನುವವರು, ಇಂತಿಷ್ಟು ಪ್ರತಿ ಕೊಳ್ಳಲೇಬೇಕೆನ್ನುವವರು ಮುದ್ರಣ ಸೇವೆ ಮಾರುತ್ತಿದ್ದಾರೆ. ಅದು ಬೇಕೆಂದೇ ಆರಿಸಿಕೊಂಡರೆ ತಪ್ಪಿಲ್ಲ, ಪ್ರಕಾಶನವೆಂದು ನಂಬಿ ಮೋಸಹೋಗಬಾರದು. ‘ಐಎಸ್‌ಬಿಎನ್ ಕೊಡಿಸುತ್ತೇವೆ’ ಎಂಬ ಮಾತಿಗೆ ಮರುಳಾಗುವವರು ಬಹಳ. 2007ರಿಂದ 13 ಅಂಕಿಗಳಿರುವ ಅದು ಪುಸ್ತಕವನ್ನು ಗುರುತಿಸುವ ಸಂಖ್ಯೆ ಮಾತ್ರ. ಪತ್ರಿಕೆಗಳ 8 ಅಂಕಿಯ ಐಎಸ್‌ಎಸ್‌ಎನ್ ಕೂಡ ಅಷ್ಟೇ. ಗುಣಕ್ಕೂ ಅದಕ್ಕೂ ಸಂಬಂಧವಿಲ್ಲ. ಎಷ್ಟು ಪ್ರತಿ ಅಚ್ಚಾಗುತ್ತದೆ, ಯಾರು ಮಾರುತ್ತಾರೆ, ಗೌರವಧನ ಎಷ್ಟು, ಪ್ರತಿಗಳು ಮುಗಿದರೆ ಹಕ್ಕು ಕವಿಗೆ ಯಾವಾಗ ಮರಳುತ್ತದೆ ಎಂಬುದು ಬರಹದಲ್ಲಿರಲಿ. ‘ಎಲ್ಲ ಹಕ್ಕುಗಳೂ ಪ್ರಕಾಶಕರವು’ ಎಂದಿದ್ದರೆ ಸಹಿ ಹಾಕುವ ಮುನ್ನ ಪ್ರಶ್ನಿಸಿ.

1912ರಲ್ಲಿ ಷಿಕಾಗೋದಲ್ಲಿ ‘ಪೊಯೆಟ್ರಿ’ ಪತ್ರಿಕೆ ಆರಂಭಿಸಿದ ಹ್ಯಾರಿಯೆಟ್ ಮನ್ರೋ, ಯಾವುದೇ ಪಂಥಕ್ಕೆ ಕಟ್ಟುಬೀಳದೆ ಒಳ್ಳೆಯ ಕವಿತೆಗೆಲ್ಲ ತೆರೆದ ಬಾಗಿಲೇ ತಮ್ಮ ನೀತಿ ಎಂದು ಆ ವರ್ಷವೇ ಅಚ್ಚು ಮಾಡಿ ಘೋಷಿಸಿದ್ದರು. ಹಾಗೆಯೇ ಕವಿತೆ ಪ್ರಕಟಿಸುವ ಪ್ರತಿ ಪತ್ರಿಕೆಯೂ ತನ್ನ ನಿಯಮವನ್ನು ಅಚ್ಚಿನಲ್ಲೇ ಹೇಳಿ, ಪುಟದ ಕೆಳಗೆ ಮೂರು ಸಾಲು ಹಾಕಲಿ: ಕವಿತೆ ಎಷ್ಟು ಸಾಲು ಮೀರಬಾರದು, ಯಾವ ರೂಪದಲ್ಲಿ ಕಳಿಸಬೇಕು, ಎಷ್ಟು ದಿನ ಉತ್ತರ ಬಾರದಿದ್ದರೆ ಬೇರೆಡೆಗೆ ಕಳಿಸಬಹುದು. ತಮ್ಮ ಪತ್ರಿಕೆಯೇ ಮೊದಲು ಹಾಕಬೇಕೆಂದು ಕೋರುತ್ತೇವೆ.

ಇಂತಿ,
ಕೆಲವು ಕಾವ್ಯಾಸಕ್ತರು