ಮಿಡಲ್ಟನ್ ಪ್ಲೇಸ್ ಭೇಟಿ: ಬರುವವರು ದಯವಿಟ್ಟು ಓದಿ

ಎಲ್ಲರಿಗೂ ನಮಸ್ಕಾರ. ಅಮೆರಿಕದ ದಕ್ಷಿಣ ಕ್ಯಾರೊಲಿನಾದ ಚಾರ್ಲ್ಸ್‌ಟನ್ನಿನ ಮಿಡಲ್ಟನ್ ಪ್ಲೇಸ್ ತೋಟದಲ್ಲಿ ಅಜೇಲಿಯಾ ಹೂಗಿಡ ತುಂಬಿ ಅರಳುವುದು ಸಾಮಾನ್ಯವಾಗಿ ಮಾರ್ಚ್ ಕೊನೆಯಿಂದ ಏಪ್ರಿಲ್ ಮೊದಲ ವಾರದವರೆಗೆ. ಚಳಿಗಾಲ ಬೆಚ್ಚಗಿದ್ದರೆ ಬೇಗ ಮುಗಿಯುತ್ತದೆ. ಅರಳಿದ ಮೇಲೆ ಒಂದು ರಾತ್ರಿ ಹಿಮ ಕವಿದರೂ ಸಾಕು, ಹೂವೆಲ್ಲ ಕಂದಾಗಿ ಜೋತುಬೀಳುತ್ತದೆ. ಆದ್ದರಿಂದ ಹೊರಡುವ ಮುಂಚೆ ತೋಟದವರಿಗೆ ಫೋನ್ ಮಾಡಿ ಕೇಳಿಕೊಳ್ಳಿ. ಚಹಾ ಗಿಡದ ಬಳಗದ ಕಮೀಲಿಯಾ ನೋಡಬೇಕೆಂದರೆ ಫೆಬ್ರುವರಿಯೇ ಸರಿ.

ಬೆಳಿಗ್ಗೆ ಬಾಗಿಲು ತೆರೆಯುತ್ತಲೇ ಒಳಗಿರಿ. ಮೊದಲು ನದಿಯ ಕಡೆಯ ಹುಲ್ಲಿನ ಮೆಟ್ಟಿಲುದಿಣ್ಣೆಗಳ ಮೇಲೆ ನಿಂತು ಕೆಳಗೆ ನೋಡಿ: ಎರಡು ಕೊಳಗಳು ಚಿಟ್ಟೆಯ ರೆಕ್ಕೆಗಳಂತೆ ಕಾಣುತ್ತವೆ. ತೋಟದ ಕೆಲಸ 1741ರಲ್ಲಿ ಅದರ ಒಡೆಯ ಹೆನ್ರಿ ಮಿಡಲ್ಟನ್ ಕಾಲದಲ್ಲಿ ಶುರುವಾಯಿತು. ಆ ಮಣ್ಣನ್ನು ಹೊತ್ತು, ತಟ್ಟಿ, ಮಟ್ಟ ಮಾಡಿದವರು ಗುಲಾಮರಾಗಿದ್ದ ಆಫ್ರಿಕನ್ನರು. ಹೂ ನೋಡಿ ಹಾಗೇ ಹೊರಟುಬಿಡಬೇಡಿ, ತೋಟದಲ್ಲೇ ಇರುವ ‘ಎಲೈಜಾ ಮನೆ’ಗೂ ಹೋಗಿ, ಅಲ್ಲಿ ಆ ಗುಲಾಮರ ಬದುಕಿನ ವಿವರ ಇದೆ. ಒಡೆಯರ ದೊಡ್ಡ ಬಂಗಲೆಯನ್ನು ಅಮೆರಿಕದ ಅಂತರ್ಯುದ್ಧದಲ್ಲಿ, 1865ರಲ್ಲಿ, ಯೂನಿಯನ್ (ಉತ್ತರ ಪಕ್ಷದ) ಸೈನಿಕರು ಸುಟ್ಟರು. ಉಳಿದಿರುವುದು ಅದರ ದಕ್ಷಿಣದ ಪಕ್ಕದ ಕಟ್ಟಡ.

ಅಕ್ಕಿ ಗಿರಣಿಯ ಕೆರೆಯಲ್ಲಿ ಮೊಸಳೆ ಜಾತಿಯ ಅಲಿಗೇಟರ್‌ಗಳಿವೆ. ಕನಿಷ್ಠ 60 ಅಡಿ ದೂರವಿರಿ, ತಿಂಡಿ ಎಸೆಯಲೇಬೇಡಿ. ಅಜೇಲಿಯಾದ ಎಲೆ, ಹೂ ಎರಡೂ ವಿಷ. ಮಕ್ಕಳು ಬಾಯಿಗೆ ಹಾಕದಂತೆ ನೋಡಿಕೊಳ್ಳಿ. ಆ ದಿನಗಳಲ್ಲಿ ಪೈನ್, ಓಕ್ ಮರಗಳ ಪರಾಗ ಹಳದಿ ಪುಡಿಯಾಗಿ ಎಲ್ಲೆಡೆ ಕೂರುತ್ತದೆ, ಅಲರ್ಜಿ ಇರುವವರು ಮಾತ್ರೆ, ಮಾಸ್ಕ್ ತನ್ನಿ. ಸೊಳ್ಳೆಗೆ ಹಚ್ಚುವ ಕ್ರೀಮೂ ಬೇಕು. ದಾರಿ ಕಚ್ಚಾ, ಇಳಿಜಾರು ಬೇರೆ. ವಯಸ್ಸಾದವರು ಚಪ್ಪಲಿ ಬಿಟ್ಟು ಶೂ ಹಾಕಿಕೊಂಡು ಬನ್ನಿ.