ಮೊದಲ ನಮಸ್ಕಾರ, ತಿದ್ದಿದವರಿಗೆ

ಹೊರನಾಡುಗಳಿಂದ ಬಂದು ನೆಲೆಸುವವರಿಗೆ ಸ್ಥಳೀಯ ರೀತಿನೀತಿ ಪರಿಚಯಿಸುವ ನಮ್ಮ ತಂಡಕ್ಕೆ ಒಂದು ವರ್ಷ ತುಂಬಿತು. ನಗುಮೊಗದಿಂದ ಬರಮಾಡಿಕೊಂಡ ಎಲ್ಲರಿಗೂ ನಮಸ್ಕಾರ. ಆದರೆ ಮೊದಲ ನಮಸ್ಕಾರ ಸಲ್ಲಬೇಕಾದದ್ದು ಹೊಸಬರ ತಪ್ಪನ್ನು ತಪ್ಪು ಎಂದು ಹೇಳಿದ ಕೆಲವೇ ಜನರಿಗೆ.

ಬಂದವರು ಎಡವಿದರೆ ಮನೆಯವರು ಸುಮ್ಮನಿರುತ್ತಾರೆ. ಅದೇ ಮರ್ಯಾದೆ ಅನ್ನಿಸುತ್ತದೆ. ಎಡವಿದವರಿಗೆ ಮಾತ್ರ ಅದು ಗೊತ್ತೇ ಆಗುವುದಿಲ್ಲ. ಅದೇ ತಪ್ಪು ತಿಂಗಳುಗಟ್ಟಲೆ ಮುಂದುವರಿದು, ಒಂದು ದಿನ ಕರೆಯುವುದೇ ನಿಂತುಹೋಗುತ್ತದೆ. ನೀವು ಹಾಗೆ ಬಿಡಲಿಲ್ಲ. ನಾಲ್ಕು ಜನರ ಮುಂದೆ ಹೇಳದೆ ಬದಿಗೆ ಕರೆದಿರಿ. ನೆನಪು ಹಸಿಯಾಗಿರುವಾಗಲೇ, ಒಂದು ಸಲಕ್ಕೆ ಒಂದೇ ವಿಷಯ ಹೇಳಿದಿರಿ.

ಹೇಳಿಸಿಕೊಳ್ಳುವುದಕ್ಕೂ ಕೇಳುವ ಕ್ರಮವಿದೆ ಎಂದು ತೋರಿಸಿದವರೂ ನೀವೇ. 'ನನ್ನಿಂದ ಏನಾದರೂ ತಪ್ಪಾಯಿತಾ?' ಎಂದರೆ 'ಛೆ, ಏನಿಲ್ಲ' ಎಂಬುದೇ ಉತ್ತರ. 'ನಿನ್ನೆ ಹಿರಿಯರು ಕೂರುವ ಮೊದಲೇ ಕೂತುಬಿಟ್ಟೆ, ಕಾಯಬೇಕಿತ್ತಾ?' ಎಂದರೆ ನಿಜ ಹೊರಬರುತ್ತದೆ. 'ಯಾಕೆ ಹೀಗೆ ಮಾಡ್ತೀರಿ?' ಎನ್ನುವುದು ವಿಚಾರಣೆಯಂತೆ ಕೇಳಿಸುತ್ತದೆ. 'ಇದನ್ನು ಇಲ್ಲಿ ಹೇಗೆ ಮಾಡ್ತಾರೆ?' ಸಾಕು. ಉತ್ತರ ಬಂದ ಮೇಲೆ 'ನಮ್ಮಲ್ಲಿ ಹಾಗಲ್ಲ' ಎಂದು ಶುರುಮಾಡಿದರೆ ತಿದ್ದುವವರು ಮತ್ತೆ ಬಾಯಿ ಬಿಡುವುದಿಲ್ಲ. ಒಬ್ಬರ ಮಾತನ್ನೇ ಇಡೀ ಸಮಾಜದ ಮಾತು ಎಂದುಕೊಳ್ಳುವಂತೆಯೂ ಇಲ್ಲ. ಬೇರೆ ವಯಸ್ಸಿನ ಇನ್ನೊಬ್ಬರನ್ನು ಕೇಳಿ ನೋಡಬೇಕು.

ಮಾತಿನ ನಡುವೆ ಕಾದವರಿಗೆ ಪ್ರತ್ಯೇಕ ಧನ್ಯವಾದ. 2009ರಲ್ಲಿ ಪ್ರಕಟವಾದ 10 ಭಾಷೆಗಳ ಅಧ್ಯಯನವೊಂದರಲ್ಲಿ, ಹೌದು-ಇಲ್ಲ ಪ್ರಶ್ನೆಗೆ ಉತ್ತರ ಬರಲು ಹಿಡಿಯುವ ಸರಾಸರಿ ಸಮಯ ಜಪಾನಿಯಲ್ಲಿ 7 ಮಿಲಿಸೆಕೆಂಡ್, ಡ್ಯಾನಿಶ್‌ನಲ್ಲಿ 469. ವ್ಯತ್ಯಾಸ ಅರ್ಧ ಸೆಕೆಂಡೂ ಇಲ್ಲ! ಅಷ್ಟರಲ್ಲೇ ಒಬ್ಬರು ಬಾಯಿ ಹಾಕುವವರಂತೆ, ಇನ್ನೊಬ್ಬರು ಬಿಗುಮಾನದವರಂತೆ ಕಾಣಬಹುದು. ಎದುರಿನವರು ನಿಲ್ಲಿಸಿದ ಮೇಲೆ ಮನಸ್ಸಿನಲ್ಲೇ 'ಒಂದು' ಎಂದು ಎಣಿಸಿ ಮಾತಾಡಿ ಎನ್ನುವುದು ನಾವು ಕೊಡುವ ಸಲಹೆ.

ನಿಲ್ಲುವ ದೂರದ ಕಥೆಯೂ ಇದೇ. ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ ಆಪ್ತ ಮಾತುಕತೆಗೆ ಗುರುತಿಸಿದ ಸುಮಾರು 45 ಸೆಂಟಿಮೀಟರಿನಿಂದ 1.2 ಮೀಟರ್ ಅಮೆರಿಕನ್ನರನ್ನು ನೋಡಿ ಹೇಳಿದ ಅಳತೆ. ಅದನ್ನು ಎಲ್ಲೆಡೆ ಹೊತ್ತುಕೊಂಡು ಹೋದರೆ ಕೆಡುತ್ತದೆ. ನಿಂತಲ್ಲೇ ನಿಂತು, ದೂರವನ್ನು ಎದುರಿನವರು ತೀರ್ಮಾನಿಸಲಿ ಎಂದು ಬಿಡುವುದು ಸುಲಭ.

ನಡುವಿನ ತಿಂಗಳುಗಳಲ್ಲಿ ಬಾಗಿಲು ತಟ್ಟಿದವರನ್ನು ಹೇಗೆ ಮರೆಯುವುದು? ಅಮೆರಿಕದಲ್ಲಿ ಇದ್ದು ಬಂದ ಸುಮಾರು 200 ನಾರ್ವೆಯವರ ಬಗ್ಗೆ 1955ರಲ್ಲಿ ಅಧ್ಯಯನ ಪ್ರಕಟಿಸಿದ ಸಮಾಜಶಾಸ್ತ್ರಜ್ಞ ಸ್ವೆರೆ ಲಿಸ್ಗಾರ್ಡ್, 6ರಿಂದ 18 ತಿಂಗಳು ಇದ್ದವರು ಅದಕ್ಕಿಂತ ಕಡಿಮೆ ಅಥವಾ ಹೆಚ್ಚು ಕಾಲ ಇದ್ದವರಿಗಿಂತ ಕಡಿಮೆ ಹೊಂದಿಕೊಂಡಿದ್ದರೆಂದು ಕಂಡರು. ಈ ಏರಿಳಿತ ಎಲ್ಲರಿಗೂ ಒಂದೇ ತೆರನಲ್ಲ ಎಂದು ಆಮೇಲಿನ ಅಧ್ಯಯನಗಳು ತೋರಿಸಿವೆ, ನಿಜ. ಆದರೂ ಮೊದಲ ಬೆರಗು ಕರಗಿ ಎಲ್ಲದರ ಮೇಲೂ ಸಿಡುಕು ಹುಟ್ಟುವ ಹೊತ್ತು ಹಲವರಿಗೆ ಬರುತ್ತದೆ. ಆಗ ಉಪದೇಶ ಕೆಲಸಕ್ಕೆ ಬಾರದು. ನೀವು ಉಪದೇಶ ಮಾಡಲಿಲ್ಲ. 'ಈ ಮೇಜು ಎತ್ತಲು ಒಂದು ಕೈ ಕೊಡು' ಎಂದು ಕರೆದಿರಿ. ಕೆಲಸವಿದ್ದವರು ಅತಿಥಿಯಾಗಿ ಉಳಿಯುವುದಿಲ್ಲ.

ನಂಬಿಕೆ ಒಪ್ಪದ ಆಚರಣೆಯಲ್ಲಿ ಹೊಸಬರು ಪಾಲ್ಗೊಳ್ಳದೆ, ಮುಂಚೆಯೇ ತಿಳಿಸಿ, ಬದಿಯಲ್ಲಿ ಸುಮ್ಮನೆ ನಿಂತಾಗ ಅದನ್ನು ಅವಮಾನ ಎಂದುಕೊಳ್ಳದವರಿಗೂ ಋಣಿಗಳು.

ಹೆಸರು ಕಲಿಸಿದವರಿಗೂ ಅಷ್ಟೇ. ನಿಮ್ಮ ಹೆಸರನ್ನು ಬಿಡಿಸಿ ಬಿಡಿಸಿ ಹೇಳಿಕೊಟ್ಟಿರಿ, ಸರಿಯಾಗುವವರೆಗೆ ಬಿಡಲಿಲ್ಲ. ಬಳಿಕ ಚೀಟಿ ತೆಗೆದು, ಹೊಸಬರ ಹೆಸರು ಬರೆದುಕೊಂಡು, ನೀವೂ ಅಷ್ಟೇ ಸಲ ಹೇಳಿ ನೋಡಿದಿರಿ.